ಸೀಸನ್ ಕೆಲಸದ ಸಂಬಳ ಚೀಟಿ

ನಾನಿರುವುದು ಸಿಲ್ಲೋಡಿನಲ್ಲಿ. ಮೆಣಸಿನಕಾಯಿ, ಮೆಕ್ಕೆಜೋಳ, ಹತ್ತಿಯ ಊರು. ಹತ್ತಿ ಬರುವ ಮೂರು ತಿಂಗಳು ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಲೆಕ್ಕ ಬರೆಯಲು ಸೇರಿದ್ದೆ. ಮನೆಯಿಂದ ಹೊರಗೆ ಮೊದಲ ದುಡಿಮೆ, ಖುಷಿಯೋ ಖುಷಿ!

ತಿಂಗಳಿಗೆ 15,000 ಎಂದಿದ್ದರು. ಕೈಗೆ ಬಂದದ್ದು 13,000. ಕೇಳಿದರೆ "ಟ್ಯಾಕ್ಸ್ ಕಟ್ ಆಗಿದೆ" ಎಂದರು. ಸುಮ್ಮನಾದೆ. ನಮ್ಮಲ್ಲಿ ಎಷ್ಟು ಜನ ಹೀಗೆ ಸುಮ್ಮನಾಗುತ್ತೇವೆ, ಹೇಳಿ?

ಎರಡನೇ ತಿಂಗಳೂ ಅಷ್ಟೇ ಬಂತು. ಆಗ ಸಂಬಳದ ಚೀಟಿ ಕೇಳಿ ಪಡೆದೆ. 1,800 ಪಿಎಫ್, 200 ವೃತ್ತಿ ತೆರಿಗೆ. ಪಿಎಫ್ ತೆರಿಗೆಯೇ ಅಲ್ಲ, ಶೇ. 12ರಂತೆ ನಮ್ಮದೇ ಉಳಿತಾಯ. ಮಾಲೀಕರೂ ತಮ್ಮ ಪಾಲು ಕಟ್ಟಬೇಕು. ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಮುಂದಿನ ಸೀಸನ್‌ಗೆ ಬೇರೆ ಮಿಲ್ಲಿಗೆ ಹೋದರೂ ಅದನ್ನೇ ಕೊಡಿ.

ಆದರೆ ಆ 200 ತಪ್ಪು. ಮಹಾರಾಷ್ಟ್ರದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ತನಕ ಸಂಬಳವಿರುವ ಮಹಿಳೆಯರಿಗೆ ವೃತ್ತಿ ತೆರಿಗೆ ಇಲ್ಲ. ಗಂಡಸರಿಗೆ ಈ ವಿನಾಯಿತಿ ಇಲ್ಲ, ಗುಮಾಸ್ತರು ಎಲ್ಲರಿಗೂ ಒಂದೇ ಕತ್ತರಿ ಆಡಿಸಿದ್ದರು!

ಸಂಬಳದ ಬದಲು ಗುತ್ತಿಗೆ ಎಂದು ಕೊಟ್ಟರೆ, ಮೊತ್ತ ದೊಡ್ಡದಿದ್ದಾಗ ಶೇ. 1 ಟಿಡಿಎಸ್ ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ. 20! ವರ್ಷದ ಆದಾಯಕ್ಕೆ ತೆರಿಗೆ ಬಾರದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು.

ಮೂರನೇ ತಿಂಗಳು ನನಗೆ ಹಿಂದಿನ 400 ರೂಪಾಯಿ ಸೇರಿಸಿ ಕೊಟ್ಟರು. ಪಕ್ಕದ ಮೇಜಿನ ಹುಡುಗಿಗೂ ಬಂತು, ಅವಳು ಕೇಳಿರಲೇ ಇಲ್ಲ.