ಹೊಗೆಯನ್ನು ಅಳೆಯುವ ಗಾಜು

(ಬೆಳೆಗಾರರ ಸಭೆಯಲ್ಲಿ ಪ್ರಯೋಗಶಾಲೆಯ ರಸಾಯನಜ್ಞರು ಮಾಡಿದ ಭಾಷಣ)



ಕೃಷ್ಣಾ ತುಂಗಭದ್ರೆಗಳ ನಡುವಣ ನಡಿಗಡ್ಡೆಯಿಂದ, ಮಾನೋಪಾಡಿನ ಕಡೆಯಿಂದ ಬಂದ ಹಿರಿಯರೊಬ್ಬರು ನಾನು ಗಾಜಿನ ನಳಿಗೆ ತೊಳೆಯುವುದನ್ನು ನೋಡಿ, "ರಸ ನೋಡುವುದು ಬಿಟ್ಟು ಹೊಗೆ ಯಾಕೆ ನೋಡುತ್ತೀರಪ್ಪಾ?" ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ.

ತಾವು ತಂದ 100 ಟನ್ ಕಬ್ಬು ಅರೆದರೆ ಸುಮಾರು 30 ಟನ್ ಸಿಪ್ಪೆ ಬರುತ್ತದೆ, ಅದರಲ್ಲಿ ಅರ್ಧದಷ್ಟು ನೀರು. ಬಾಯ್ಲರಿಗೆ ಇದೇ ಸೌದೆ. ಗಾಳಿ ಹೆಚ್ಚಾದರೆ ಶಾಖ ಚಿಮಣಿಯಿಂದ ಹಾರಿಹೋಗುತ್ತದೆ. ಕಡಿಮೆಯಾದರೆ ಸಿಪ್ಪೆ ಪೂರ್ತಿ ಉರಿಯದೆ ವಿಷಾನಿಲವಾಗುತ್ತದೆ. ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡು ಶೇಕಡ 12ರಿಂದ 14 ಇದ್ದರೆ ಉರಿ ಹದವಾಗಿದೆ ಎನ್ನುತ್ತೇವೆ.

ಅಳೆಯಲು ಆರ್ಸಾಟ್ ಉಪಕರಣವಿದೆ. 100 ಮಿಲಿಲೀಟರು ಹೊಗೆಯನ್ನು ಎಳೆದುಕೊಂಡು ಮೂರು ದ್ರಾವಣಗಳಲ್ಲಿ ಹಾಯಿಸಬೇಕು. ಮೊದಲನೆಯ ಪೊಟ್ಯಾಷ್ ಕ್ಷಾರ ಇಂಗಾಲದ ಡೈಆಕ್ಸೈಡನ್ನು, ಎರಡನೆಯ ಪೈರೋಗ್ಯಾಲಾಲ್ ಆಮ್ಲಜನಕವನ್ನು, ಮೂರನೆಯ ಕ್ಯೂಪ್ರಸ್ ಕ್ಲೋರೈಡು ಇಂಗಾಲದ ಮಾನಾಕ್ಸೈಡನ್ನು ಹೀರುತ್ತದೆ. ಕ್ರಮ ತಪ್ಪಿದರೆ ಲೆಕ್ಕವೇ ತಪ್ಪು; ಎರಡನೆಯದು ಮೊದಲನೆಯದರ ಅನಿಲವನ್ನೂ ಕುಡಿಯುತ್ತದೆ.

ನಾನು ಹೊಸಬನಾಗಿದ್ದಾಗ ಬೇರೊಂದು ಕಾರ್ಖಾನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಗಾಜಿನ ತಿರುಪಿನ ಗ್ರೀಸು ಒಣಗಿ ಕೂದಲೆಳೆಯಷ್ಟು ಸಂದಾಗಿತ್ತು. ಹೊಗೆ ಎಳೆಯುವಾಗ ಹೊರಗಿನ ಗಾಳಿಯೂ ಸೇರಿ ಆಮ್ಲಜನಕ ಹೆಚ್ಚಾಗಿ ಕಂಡಿತು. "ಗಾಳಿ ತಗ್ಗಿಸಿ" ಎಂದು ಬೆಂಕಿಯಾಳಿಗೆ ಹೇಳಿಕಳಿಸಿದೆ. ಮೂರನೆಯ ದ್ರಾವಣವಾದರೂ ಎಚ್ಚರಿಸಬೇಕಿತ್ತು. ಅದೂ ಹಳತಾಗಿ ಸತ್ತಿತ್ತು. ಚಿಮಣಿ ಕಪ್ಪುಹೊಗೆ ಕಾರಿತು, ಸಂಜೆಗೆ ಆವಿಯ ಒತ್ತಡ ಇಳಿದು ಗಾಣ ನಿಂತಿತು. ಅಂಗಳದಲ್ಲಿ ಗಾಡಿಗಳು ರಾತ್ರಿಯೆಲ್ಲಾ ನಿಂತವು. ಕಡಿದ ಕಬ್ಬು ಕಾದಷ್ಟೂ ತೂಕವೂ ಸಕ್ಕರೆಯೂ ಇಳಿಯುವುದು ತಮಗೆ ಗೊತ್ತೇ ಇದೆ. ಆ ಗಾಡಿಯವರ ಮುಖ ನನಗಿನ್ನೂ ನೆನಪಿದೆ. ತಪ್ಪು ನನ್ನದು.

ಅಂದಿನಿಂದ ಪಾಳಿ ಶುರುವಾಗುವಾಗಲೇ ಸೋರಿಕೆ ಪರೀಕ್ಷೆ. ಅನಿಲ ತುಂಬಿ ತಿರುಪು ಮುಚ್ಚಿ, ನೀರಿನ ಸೀಸೆಯನ್ನು ಕೆಳಗಿಟ್ಟು ಐದು ನಿಮಿಷ ಕಾಯಬೇಕು. ಮಟ್ಟ ಕದಲಿದರೆ ತಿರುಪು ಬಿಚ್ಚಿ, ಹಳೆಯ ಗ್ರೀಸು ಪೂರಾ ಒರೆಸಿ, ರಂಧ್ರಕ್ಕೆ ತಾಗದಂತೆ ತೆಳ್ಳಗೆ ಹೊಸದು ಹಚ್ಚಬೇಕು. ಸೀಸೆಯ ನೀರಿಗೆ ಉಪ್ಪು ತುಂಬ ಕರಗಿಸಿ ನಾಲ್ಕು ಹನಿ ಆಮ್ಲ ಹಾಕುತ್ತೇವೆ, ಬರೀ ನೀರಾದರೆ ಅದೇ ಅನಿಲವನ್ನು ಹೀರುತ್ತದೆ. ಹೊಗೆ ಬರುವ ದಾರಿಯ ಗಾಜಿನ ಉಣ್ಣೆ ಬೂದಿಯಿಂದ ಕಪ್ಪಾದರೆ ಬದಲಿಸಬೇಕು. ಎಷ್ಟು ಸಲ ಹಾಯಿಸಿದರೂ ಅಳತೆ ನಿಲ್ಲದಿದ್ದರೆ ದ್ರಾವಣ ಸೋತಿದೆ ಎಂದೇ ಅರ್ಥ. ಕ್ಷಾರ ಕೈಗೆ ತಾಗಿದರೆ ಕೂಡಲೇ ಧಾರಾಳ ನೀರು. ಬಾಯಿಂದ ಎಳೆಯುವ ಹಳೆಯ ಚಾಳಿಯಂತೂ ಬೇಡವೇ ಬೇಡ.

ಈಗ ಗುಂಡಿ ಒತ್ತಿದರೆ ಅಂಕಿ ತೋರುವ ವಿದ್ಯುನ್ಮಾನ ಯಂತ್ರಗಳಿವೆ. ಆದರೆ ಅವಕ್ಕೂ ಶೋಧಕ ತೊಳೆಯಬೇಕು, ನೀರಿನ ಬಲೆ ಬರಿದು ಮಾಡಬೇಕು. ಬಯಲುಗಾಳಿಯಲ್ಲಿ ಹಿಡಿದರೆ ಆಮ್ಲಜನಕ 20.9 ತೋರಬೇಕು. ಕೈಯಲ್ಲಿ ಹಿಡಿಯುವ ಬಗೆಯದರ ಸಂವೇದಕ ಕಪಾಟಿನಲ್ಲಿದ್ದರೂ ಮುಪ್ಪಾಗುತ್ತದೆ. ಅನುಮಾನ ಬಂದ ದಿನ ನಾನು ಹಳೆಯ ಗಾಜನ್ನೇ ಇಳಿಸುತ್ತೇನೆ.

ಹಂಗಾಮಿನಲ್ಲಿ ಗಾಡಿ ಸರದಿಗೆ ಕಾಯುವಾಗ ತಾವೂ ಬಂದು ನೋಡಬಹುದು. ಬೀಡಿ ಮಾತ್ರ ಹೊರಗೇ ಆರಿಸಿ ಬನ್ನಿ.