ದುಡಿಮೆಯೂ ಮಾಸಾಶನವೂ: ವಿಕಲಚೇತನರ ಗಳಿಕೆಯ ಹಕ್ಕು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ದೇವದುರ್ಗ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ 2025-26ನೇ ಸಾಲಿನಲ್ಲಿ ನೀಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಉದ್ಯೋಗ ಖಾತರಿ ಕೆಲಸಕ್ಕೆ ಬೇಡಿಕೆ ಪಡೆಯುವ ದಿನಗಳಲ್ಲಿ ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಮತ್ತೆ ಮತ್ತೆ ಕೇಳಿಬರುವ ಒಂದು ಪ್ರಶ್ನೆಯಿದೆ. ಪೋಲಿಯೋದಿಂದ ಕಾಲು ಸೊರಗಿದ ಹೆಣ್ಣುಮಗಳೊಬ್ಬಳು ಸದಸ್ಯರ ಬಳಿಗೆ ಬಂದು, "ಯಣ್ಣಾ, ಕೂಲಿಗೆ ಹೆಸರು ಬರೆಸಿದರ ನನ್ನ ಪಗಾರ ನಿಂತು ಹೋಗತೈತೇನು?" ಎಂದು ಕೇಳುತ್ತಾಳೆ. ಸರ್ಕಾರದ ಕಡತದಲ್ಲಿ 'ಅಂಗವಿಕಲ ಪೋಷಣಾ ವೇತನ'ವೆಂದು ಕರೆಯಲ್ಪಡುವುದು ಈ ಭಾಗದ ಜನರ ಬಾಯಲ್ಲಿ 'ಪಗಾರ'. ಬಹುತೇಕ ಸಂದರ್ಭಗಳಲ್ಲಿ ಆಕೆಗೆ ದೊರೆಯುವ ಉತ್ತರ, "ಯಾಕ ಬೇಕು ಉಸಾಬರಿ, ಬರೋದನ್ನ ತಗೊಂಡು ಸುಮ್ಮನಿರು" ಎಂಬುದಾಗಿರುತ್ತದೆ. ಈ ಉತ್ತರದಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಅದು ಪೂರ್ಣವಾಗಿ ಸರಿಯೂ ಅಲ್ಲ. ಆ ಒಂದು ಮಾತಿನಿಂದ ಒಂದು ಕುಟುಂಬ ವರ್ಷವೊಂದರಲ್ಲಿ ಎಷ್ಟು ಕಳೆದುಕೊಳ್ಳುತ್ತದೆ, ಮತ್ತು ನಿಜವಾದ ತೊಡಕು ಎಲ್ಲಿದೆ ಎಂಬುದೇ ಇಂದಿನ ವಿಷಯ.

ಮಾಸಾಶನವು ಯಾವುದಕ್ಕೆ, ಯಾರಿಗೆ

ರಾಜ್ಯದಲ್ಲಿ ಶೇ. 40ರಿಂದ ಶೇ. 74ರವರೆಗಿನ ಅಂಗವೈಕಲ್ಯ ಹೊಂದಿರುವವರಿಗೆ ತಿಂಗಳಿಗೆ 800 ರೂಪಾಯಿ, ಶೇ. 75 ಹಾಗೂ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ 1,400 ರೂಪಾಯಿ ಮಾಸಾಶನ ನಿಗದಿಯಾಗಿದೆ. ತೀವ್ರ ಅಂಗವೈಕಲ್ಯವುಳ್ಳ ಬಡವರಿಗಾಗಿ ಕೇಂದ್ರ ಸರ್ಕಾರವು 2009ರಲ್ಲಿ ಆರಂಭಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ ಮಾತ್ರ. ಉಳಿದ ಭಾರವನ್ನು ರಾಜ್ಯವೇ ಹೊರುತ್ತದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬೇಕು. ಹಣವು ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಜಮೆಯಾಗುತ್ತದೆ.

ಅರ್ಹತೆಯನ್ನು ನಿರ್ಧರಿಸುವಲ್ಲಿ ಮುಖ್ಯವಾಗಿ ಎರಡು ಅಳತೆಗೋಲುಗಳಿವೆ. ಮೊದಲನೆಯದು ವೈದ್ಯಕೀಯ ಪ್ರಮಾಣಪತ್ರದಲ್ಲಿ ನಮೂದಾದ ಅಂಗವೈಕಲ್ಯದ ಶೇಕಡಾವಾರು ಪ್ರಮಾಣ. ಎರಡನೆಯದು ಕುಟುಂಬದ ವಾರ್ಷಿಕ ಆದಾಯ; ಅದು 32,000 ರೂಪಾಯಿಯ ಮಿತಿಯೊಳಗಿರಬೇಕು. ಇವೆರಡರಲ್ಲಿ ಎಲ್ಲಿಯೂ 'ದುಡಿಯಲು ಅಶಕ್ತನಾಗಿರಬೇಕು' ಎಂಬ ಷರತ್ತು ಇಲ್ಲವೆಂಬುದನ್ನು ಗಮನಿಸಬೇಕು. ವೈದ್ಯರು ಅಳೆಯುವುದು ದೇಹದ ಕೊರತೆಯನ್ನೇ ಹೊರತು ಮನುಷ್ಯನ ದುಡಿಯುವ ಶಕ್ತಿಯನ್ನಲ್ಲ. ಕಾಲಿಲ್ಲದವನು ಹೊಲಿಗೆ ಯಂತ್ರದ ಮುಂದೆ ಕುಳಿತ ಮಾತ್ರಕ್ಕೆ ಅವನಿಗೆ ಕಾಲು ಬಂದಂತಾಗುವುದಿಲ್ಲ. ಅವನ ಯುಡಿಐಡಿ ಕಾರ್ಡಿನ ಮೇಲಿನ ಅಂಕಿ ಬದಲಾಗುವುದಿಲ್ಲ.

ಆದ್ದರಿಂದ 'ಕೆಲಸ ಮಾಡಿದರೆ ಪಗಾರ ಹೋಗುತ್ತದೆ' ಎಂಬ ಮಾತನ್ನು ಎರಡಾಗಿ ಬಿಡಿಸಿ ಹೇಳಬೇಕಾಗಿದೆ. ಕೆಲಸ ಮಾಡುವುದರಿಂದ ಮಾಸಾಶನ ಹೋಗುವುದಿಲ್ಲ. ಕುಟುಂಬದ ಆದಾಯ ಮಿತಿ ಮೀರಿದೆಯೆಂದು ಕಂದಾಯ ಇಲಾಖೆ ದಾಖಲಿಸಿದರೆ ಮಾತ್ರ ಅರ್ಹತೆಯ ಪ್ರಶ್ನೆ ಏಳುತ್ತದೆ. ಹಲವು ಬಾರಿ ಮಾಸಾಶನ ನಿಲ್ಲುವುದಕ್ಕೆ ಆಧಾರ್ ಜೋಡಣೆಯ ದೋಷ, ಹೆಸರಿನ ಅಕ್ಷರ ವ್ಯತ್ಯಾಸ ಅಥವಾ ನಿಷ್ಕ್ರಿಯಗೊಂಡ ಬ್ಯಾಂಕ್ ಖಾತೆ ಕಾರಣವಾಗಿರುತ್ತದೆ. ಆದರೆ ಅದೇ ತಿಂಗಳು ಆತ ಕೂಲಿಗೆ ಹೋಗಿದ್ದರೆ, ಊರಿನವರು ಎರಡನ್ನೂ ಒಂದಕ್ಕೊಂದು ಗಂಟು ಹಾಕುತ್ತಾರೆ. ಒಬ್ಬನ ಅನುಭವ ಊರಿನ ನಿಯಮವಾಗಿ ಹಬ್ಬುತ್ತದೆ. ಕಾರಣವನ್ನು ನಾಡಕಚೇರಿಯಲ್ಲಿ ವಿಚಾರಿಸಿ ತಿಳಿಸುವ ಒಬ್ಬ ಸದಸ್ಯರಿದ್ದರೆ ಇಂತಹ ವದಂತಿಗೆ ಕಾಲು ಮೂಡುವುದಿಲ್ಲ.

ಲೆಕ್ಕ ಏನು ಹೇಳುತ್ತದೆ

2025-26ನೇ ಸಾಲಿನಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತಿಂಗಳಿಗೆ 800 ರೂಪಾಯಿ ಮಾಸಾಶನವೆಂದರೆ ವರ್ಷಕ್ಕೆ 9,600 ರೂಪಾಯಿ. ಇಪ್ಪತ್ತಾರು ದಿನ ಕೂಲಿ ಮಾಡಿದರೆ 9,620 ರೂಪಾಯಿ ಬರುತ್ತದೆ. ಅಂದರೆ ಇಡೀ ವರ್ಷದ ಮಾಸಾಶನ ಇಪ್ಪತ್ತಾರು ದಿನಗಳ ದುಡಿಮೆಗೆ ಸಮ. 1,400 ರೂಪಾಯಿ ಪಡೆಯುವವರಿಗೆ ವರ್ಷಕ್ಕೆ 16,800 ರೂಪಾಯಿ. ನಲವತ್ತಾರು ದಿನಗಳ ಕೂಲಿ ಅದನ್ನು ದಾಟುತ್ತದೆ. ಕುಟುಂಬವೊಂದು ನೂರು ದಿನ ಪೂರೈಸಿದರೆ 37,000 ರೂಪಾಯಿ. ಮಾಸಾಶನ ಹೋದೀತೆಂಬ ಭಯದಿಂದ ಕೆಲಸವನ್ನೇ ಕೇಳದ ಕುಟುಂಬ ಏನನ್ನು ಬಿಟ್ಟುಕೊಡುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೂ ಆ ಹೆಣ್ಣುಮಗಳ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮಾಸಾಶನ ಸಣ್ಣದಾದರೂ ಪ್ರತಿ ತಿಂಗಳೂ ಬರುತ್ತದೆ. ಕೂಲಿ ದೊಡ್ಡದಾದರೂ ಮಳೆ, ಬೇಡಿಕೆ, ಆರೋಗ್ಯ ಎಲ್ಲವನ್ನೂ ಅವಲಂಬಿಸಿರುತ್ತದೆ. ಒಮ್ಮೆ ರದ್ದಾದ ಮಾಸಾಶನವನ್ನು ಮರಳಿ ಪಡೆಯಲು ಮತ್ತೆ ಅರ್ಜಿ, ಮತ್ತೆ ಪ್ರಮಾಣಪತ್ರ, ಮತ್ತೆ ಅಲೆದಾಟ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ನಾಡಕಚೇರಿಯ ಮೂರು ಮೆಟ್ಟಿಲುಗಳೇ ಬೆಟ್ಟವಾಗಿರುವಾಗ, ಅವರು ಖಚಿತವಾದದ್ದನ್ನು ಹಿಡಿದುಕೊಂಡು ಅನಿಶ್ಚಿತವಾದದ್ದನ್ನು ಬಿಡುವುದು ವಿವೇಕವೇ ಆಗಿದೆ.

ಇನ್ನೊಂದು ಲೆಕ್ಕವನ್ನೂ ಸದಸ್ಯರು ಬಲ್ಲವರಾಗಿರಬೇಕು. 370 ರೂಪಾಯಿಯಂತೆ ಎಂಬತ್ತಾರು ದಿನಗಳಿಗೆ 31,820 ರೂಪಾಯಿ. ಎಂಬತ್ತೇಳನೆಯ ದಿನಕ್ಕೆ 32,190 ರೂಪಾಯಿ. ಕಾನೂನು ನೀಡಿದ ದಿನಗಳ ಖಾತರಿಯನ್ನು ಪೂರ್ಣವಾಗಿ ಬಳಸಿಕೊಂಡ ಕುಟುಂಬ, ಬೇರೆ ಒಂದು ಪೈಸೆಯ ಗಳಿಕೆ ಇಲ್ಲದಿದ್ದರೂ, ಕೂಲಿಯನ್ನು ಆದಾಯವೆಂದು ಎಣಿಸಿದಲ್ಲಿ ಎಂಬತ್ತೇಳನೆಯ ದಿನ ಮಾಸಾಶನದ ಮಿತಿಯನ್ನು ದಾಟುತ್ತದೆ. ಅದೇ ಕುಟುಂಬ ಪಡಿತರ ಚೀಟಿಯ ಲೆಕ್ಕದಲ್ಲಿ 1.20 ಲಕ್ಷ ರೂಪಾಯಿಯವರೆಗೆ ಬಡ ಕುಟುಂಬವೇ. ಕೂಲಿ ದರ ಪ್ರತಿ ವರ್ಷ ಪರಿಷ್ಕರಣೆಯಾಗುತ್ತದೆ. ಆದಾಯ ಮಿತಿ ಹಾಗೆ ಪರಿಷ್ಕರಣೆಯಾಗುವುದಿಲ್ಲ. ಒಂದು ಕೈಯಿಂದ ಕೊಟ್ಟದ್ದು ಇನ್ನೊಂದು ಕೈಯನ್ನು ಕಟ್ಟಿಹಾಕುವಂತಾಗಬಾರದು. ಈ ಅಸಂಗತಿಯನ್ನು ಸರಿಪಡಿಸುವ ಅಧಿಕಾರ ಗ್ರಾಮ ಪಂಚಾಯಿತಿಗಿಲ್ಲ. ಆದರೆ ಅದನ್ನು ಗ್ರಾಮಸಭೆಯ ನಿರ್ಣಯದ ಮೂಲಕ ಸರ್ಕಾರದ ಗಮನಕ್ಕೆ ತರುವ ಅಧಿಕಾರ ಖಂಡಿತ ಇದೆ.

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ಸಾಮಾಜಿಕ ಭದ್ರತಾ ವ್ಯವಸ್ಥೆಯಲ್ಲಿ ಅಂಗವೈಕಲ್ಯ ವಿಮೆಯ ಹಣ ಪಡೆಯುವವರು ಕೆಲಸಕ್ಕೆ ಸೇರಿದರೆ, ಒಂಬತ್ತು ತಿಂಗಳ 'ಪ್ರಾಯೋಗಿಕ ದುಡಿಮೆ'ಯ ಅವಧಿಯಲ್ಲಿ ಎಷ್ಟೇ ಗಳಿಸಿದರೂ ಹಣ ನಿಲ್ಲುವುದಿಲ್ಲ. ಅದರ ನಂತರದ ಮೂವತ್ತಾರು ತಿಂಗಳುಗಳಲ್ಲಿ ಗಳಿಕೆ ಕುಸಿದ ತಿಂಗಳು, ಹೊಸ ಅರ್ಜಿಯಿಲ್ಲದೆಯೇ ನೆರವು ಮರಳಿ ಬರುತ್ತದೆ. ದುಡಿದು ನೋಡುವ ಧೈರ್ಯಕ್ಕೆ ಒಂದು ಏಣಿಯನ್ನು ಇಟ್ಟಂತೆ ಇದು. ನಮ್ಮಲ್ಲಿರುವುದು ಏಣಿಯಲ್ಲ, ಗೆರೆ: ಆಚೆ ಕಾಲಿಟ್ಟರೆ ಹೊರಗೆ.

ಕಾನೂನಿನ ಬಲ

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಆ ಒಡಂಬಡಿಕೆಯಲ್ಲಿ ದುಡಿಯುವ ಹಕ್ಕು 27ನೆಯ ವಿಧಿಯಾದರೆ, ಸಾಮಾಜಿಕ ರಕ್ಷಣೆಯ ಹಕ್ಕು 28ನೆಯ ವಿಧಿ. ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸಲಾಗಿದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕೆಂದು ಹೇಳಿಲ್ಲ. ಅದರ ಫಲವಾಗಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 37ನೆಯ ಪ್ರಕರಣದಂತೆ ಬಡತನ ನಿರ್ಮೂಲನೆ ಹಾಗೂ ಅಭಿವೃದ್ಧಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲಾತಿ ನೀಡಿ, ಅದರಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಬೇಕು. ಉದ್ಯೋಗ, ವ್ಯಾಪಾರ ಆರಂಭಿಸಲು ರಿಯಾಯಿತಿ ದರದಲ್ಲಿ ನೀಡುವ ಭೂಮಿಯ ಹಂಚಿಕೆಯಲ್ಲಿಯೂ ಶೇ. 5ರಷ್ಟು ಮೀಸಲಿಡಬೇಕು. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 26ನೆಯ ಬಾಬಿನಲ್ಲಿ ವಿಕಲಚೇತನರ ಕಲ್ಯಾಣವು ಪಂಚಾಯಿತಿಗಳ ವಿಷಯವಾಗಿ ಸೇರಿದೆ. ಆದುದರಿಂದ ಇದು ಬೇರೆ ಇಲಾಖೆಯ ಕೆಲಸವೆಂದು ಪಕ್ಕಕ್ಕಿಡುವಂತಿಲ್ಲ.

ಅದೇ ಅಧಿನಿಯಮದ 91ನೆಯ ಪ್ರಕರಣವನ್ನೂ ಮರೆಯುವಂತಿಲ್ಲ. ವಂಚನೆಯಿಂದ ವಿಕಲಚೇತನರ ಸೌಲಭ್ಯ ಪಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸುಳ್ಳು ಪ್ರಮಾಣಪತ್ರಕ್ಕೆ ಶಿಫಾರಸು ಮಾಡುವ ಸದಸ್ಯರು ನಿಜವಾದ ವಿಕಲಚೇತನರ ತಟ್ಟೆಯಿಂದಲೇ ಅನ್ನ ತೆಗೆದಂತಾಗುತ್ತದೆ. ಈ ಜಿಲ್ಲೆಯ ಅಮರೇಶ್ವರದ ಶರಣ ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ತಿಳಿದದ್ದೇ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಡದಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಮಾಡಿದಳು. ಕಾಯಕದ ಗೌರವವೂ ಹೆಚ್ಚಿನದನ್ನು ಮುಟ್ಟದ ನಿಷ್ಠೆಯೂ ಒಂದೇ ಮನೆಯಲ್ಲಿದ್ದವು. ದುಡಿಯುವ ವಿಕಲಚೇತನರನ್ನು ಅನುಮಾನದಿಂದ ನೋಡದೆ, ಸುಳ್ಳು ಫಲಾನುಭವಿಯನ್ನು ದಾಕ್ಷಿಣ್ಯದಿಂದ ಬಿಡದೆ ಇರುವುದು ಅದೇ ನಿಷ್ಠೆ.

ಕೆಲಸದ ಸ್ಥಳದಲ್ಲಿ

ಉದ್ಯೋಗ ಖಾತರಿಯಲ್ಲಿ ವಿಕಲಚೇತನರು ನಿಗದಿತ ಪ್ರಮಾಣದ ಅರ್ಧದಷ್ಟು ಕೆಲಸ ಮಾಡಿದರೂ ಪೂರ್ಣ ಕೂಲಿಗೆ ಅರ್ಹರು. ಈ ರಿಯಾಯಿತಿ ರಾಜ್ಯದಲ್ಲಿ ಜಾರಿಯಲ್ಲಿದ್ದರೂ ಅದು ತಿಳಿಯದೆ ಕೆಲಸ ಕೇಳದವರು ಹಲವರು. ಕೆಲಸವೆಂದರೆ ಗುದ್ದಲಿ ಹಿಡಿದು ಬದು ಹಾಕುವುದಷ್ಟೇ ಅಲ್ಲ. ಕೂಲಿಕಾರರಿಗೆ ಕುಡಿಯುವ ನೀರು ಕೊಡುವುದು, ನರ್ಸರಿಯಲ್ಲಿ ಸಸಿಗಳಿಗೆ ಮಣ್ಣು ತುಂಬುವುದು, ನೀರುಣಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಇವೆಲ್ಲವೂ ಕೆಲಸಗಳೇ. ಓದು ಬಲ್ಲ ವಿಕಲಚೇತನರು ಕಾಯಕ ಬಂಧುಗಳಾಗಿ ಹಾಜರಾತಿ ನೋಡಿಕೊಳ್ಳಬಲ್ಲರು. ದೇವದುರ್ಗ ಭಾಗದ ಬಿಸಿಲನ್ನು ಬಲ್ಲವರಿಗೆ ನೀರಿನ ಕೊಡ ಹಿಡಿದವರ ಕೆಲಸ ಕಡಿಮೆಯದೆಂದು ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ ಅಗತ್ಯ. ದಿನಗಳ ಖಾತರಿ ಇರುವುದು ಕುಟುಂಬಕ್ಕೆ. ಮನೆಯಲ್ಲಿ ಗಟ್ಟಿಮುಟ್ಟಾದವರೇ ಎಲ್ಲ ದಿನಗಳನ್ನೂ ಬಳಸಿಕೊಂಡರೆ ವಿಕಲಚೇತನ ಸದಸ್ಯರಿಗೆ ದಿನಗಳೇ ಉಳಿಯುವುದಿಲ್ಲ. ಬೇಡಿಕೆ ಪಡೆಯುವಾಗಲೇ ನಮೂನೆ 6ರಲ್ಲಿ ಅವರ ಹೆಸರೂ ಬರುವಂತೆ ನೋಡಿಕೊಂಡು, ಕೂಲಿ ಅವರದೇ ಖಾತೆಗೆ ಜಮೆಯಾಗುವಂತೆ ಮಾಡಿದರೆ, ಮನೆಯೊಳಗೆ ಅವರ ಮಾತಿಗೆ ಬರುವ ತೂಕವೇ ಬೇರೆ.

ಕೂಲಿಯ ಆಚೆಗೂ ದಾರಿಗಳಿವೆ. ಜೋಳದ ರೊಟ್ಟಿ ತಯಾರಿಕೆ, ಹೊಲಿಗೆ, ಕಿರಾಣಿ ಅಂಗಡಿ, ಮೊಬೈಲ್ ದುರಸ್ತಿ, ಜೆರಾಕ್ಸ್ ಅಂಗಡಿ, ಆಡು ಸಾಕಣೆ ಈ ಭಾಗದಲ್ಲಿ ನಡೆಯುವ ಉದ್ಯೋಗಗಳು. ಸ್ವಯಂ ಉದ್ಯೋಗಕ್ಕೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ 'ಆಧಾರ' ಯೋಜನೆಯಿದೆ. ಸಂಜೀವಿನಿ ಸ್ವಸಹಾಯ ಗುಂಪುಗಳಿವೆ. ಇಂತಹ ಗಳಿಕೆ ನಿಂತ ನೀರಲ್ಲ, ಬೆಳೆಯುವಂಥದ್ದು. ಅದು ಮಿತಿಯನ್ನು ದಾಟುವಷ್ಟು ಬೆಳೆದ ದಿನ ಮಾಸಾಶನ ಬಿಡುವುದು ಸೋಲಲ್ಲ. ಆದರೆ ದಾಟಿದ್ದೇವೆಯೇ ಇಲ್ಲವೇ ಎಂಬುದನ್ನು ಊಹೆಯ ಮೇಲೆ ಅಲ್ಲ, ಲೆಕ್ಕದ ಮೇಲೆ ನಿರ್ಧರಿಸಬೇಕು.

ಸದಸ್ಯರು ಮಾಡಬೇಕಾದದ್ದು

1. ಪ್ರತಿ ವಾರ್ಡಿನ ವಿಕಲಚೇತನರ ಪಟ್ಟಿಯನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಂದಿಗೆ ಕುಳಿತು ಪರಿಶೀಲಿಸುವುದು. ಯುಡಿಐಡಿ, ಮಾಸಾಶನ, ಉದ್ಯೋಗ ಚೀಟಿ ಈ ಮೂರರಲ್ಲಿ ಯಾವುದು ಇಲ್ಲವೆಂಬುದನ್ನು ಪ್ರತಿ ಹೆಸರಿನ ಮುಂದೆ ಬರೆಯುವುದು. ಆ ಕಾರ್ಯಕರ್ತರೂ ಸ್ವತಃ ವಿಕಲಚೇತನರು. ಅವರಿಗೆ ಮನೆಗಳ ಸ್ಥಿತಿ ಗೊತ್ತಿರುತ್ತದೆ.

2. ಮಾಸಾಶನ ನಿಂತ ಪ್ರಕರಣಗಳಲ್ಲಿ ನಿಂತ ಕಾರಣವನ್ನು ನಾಡಕಚೇರಿಯಿಂದ ತಿಳಿದು ಫಲಾನುಭವಿಗೆ ತಿಳಿಸುವುದು.

3. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಅವಧಿ ಮುಗಿಯುವ ಮುನ್ನ ನವೀಕರಣಕ್ಕೆ ನೆನಪಿಸುವುದು. ಆದಾಯವನ್ನು ಇದ್ದಂತೆಯೇ ಹೇಳುವಂತೆ ತಿಳಿಹೇಳುವುದು.

4. ಕ್ರಿಯಾಯೋಜನೆ ರೂಪಿಸುವಾಗಲೇ ವಿಕಲಚೇತನರು ಮಾಡಬಲ್ಲ ಕಾಮಗಾರಿಗಳನ್ನು ಅವರ ಮನೆಗೆ ಹತ್ತಿರದಲ್ಲಿ ಸೇರಿಸುವುದು.

5. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಮೀಸಲಾದ ಶೇ. 5ರ ಅನುದಾನವನ್ನು ವರ್ಷದ ಕೊನೆಯಲ್ಲಿ ಹಂಚಿ ಮುಗಿಸದೆ, ಗಳಿಕೆಗೆ ನೆರವಾಗುವ ಸಾಧನಗಳಿಗೆ ಬಳಸುವ ಬಗ್ಗೆ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಚರ್ಚಿಸುವುದು.

6. ವಿಕಲಚೇತನರ ವಿಶೇಷ ಗ್ರಾಮಸಭೆಯಲ್ಲಿ ಆದಾಯ ಮಿತಿಯ ಪ್ರಶ್ನೆಯನ್ನು ಎತ್ತಿ, ಉದ್ಯೋಗ ಖಾತರಿಯ ಕೂಲಿಯಿಂದ ಯಾರ ಮಾಸಾಶನವೂ ನಿಲ್ಲದಂತೆ ಕ್ರಮ ಕೈಗೊಳ್ಳಲು ಕೋರಿ ನಿರ್ಣಯ ಅಂಗೀಕರಿಸುವುದು.

ಬಂಧುಗಳೇ, 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅದೇ ಗಣತಿಯ ಪ್ರಕಾರ ದೇಶದಲ್ಲಿ ಅವರಲ್ಲಿ ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನ ಮಾತ್ರ ದುಡಿಮೆಗಾರರೆಂದು ದಾಖಲಾಗಿದ್ದಾರೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿದ ದೇವದುರ್ಗದಲ್ಲಿ, ಗಟ್ಟಿಮುಟ್ಟಾದವರೇ ಕೆಲಸ ಹುಡುಕಿ ಗುಳೆ ಹೋಗುತ್ತಾರೆ. ಹೋಗಲಾರದವರು ಊರಿನಲ್ಲಿಯೇ ಉಳಿಯುತ್ತಾರೆ. ಅವರಿಗೆ ಊರಿನಲ್ಲಿಯೇ ಕೆಲಸ ಸಿಗಬೇಕು.

ಮುಂದಿನ ಬಾರಿ ಆ ಹೆಣ್ಣುಮಗಳು ಪಂಚಾಯಿತಿ ಕಟ್ಟೆಗೆ ಬಂದು ಅದೇ ಪ್ರಶ್ನೆ ಕೇಳಿದಾಗ, "ಸುಮ್ಮನಿರು" ಎನ್ನುವ ಬದಲು ಸದಸ್ಯರು ಹೀಗೆ ಹೇಳಲಿ: "ಬಾರವ್ವ, ಕುಂಡ್ರು. ದುಡಿದರ ಪಗಾರ ಹೋಗಂಗಿಲ್ಲ. ನಿಮ್ಮ ಮನಿ ಲೆಕ್ಕ ಎಷ್ಟು ಐತಿ ನೋಡೋಣು. ಆಮ್ಯಾಲೆ ನಮೂನೆ 6 ಬರಿಯೋಣು." ಅಷ್ಟು ಹೇಳಲು ಬೇಕಾದದ್ದು ಒಂದು ಕಾಗದ, ಒಂದು ಪೆನ್ನು ಮತ್ತು ಹತ್ತು ನಿಮಿಷ.