ವಕೀಲರ ಆಕ್ಷೇಪಣೆ ಏಕೆ?

ಸಿನಿಮಾದ ವಕೀಲರು ‘ಅಬ್ಜೆಕ್ಷನ್, ಯುವರ್ ಆನರ್’ ಎಂದು ಗುಡುಗುವುದನ್ನು ನೀವೆಲ್ಲ ನೋಡಿದ್ದೀರಿ. ನಿಜವಾದ ಕೋರ್ಟಿನಲ್ಲಿ ಆ ಮಾತಿಗೆ ಅರ್ಥವಿದೆ.

ಸಾಕ್ಷಿಯನ್ನು ಕರೆಸಿದ ವಕೀಲರೇ ‘ಅವನ ಕೈಯಲ್ಲಿ ಮಚ್ಚು ಇತ್ತಲ್ಲವೇ?’ ಎಂದರೆ ಉತ್ತರ ಪ್ರಶ್ನೆಯೊಳಗೇ ಇದೆ. ಇದು ಸೂಚಕ ಪ್ರಶ್ನೆ. ಎದುರು ವಕೀಲರು ಆಕ್ಷೇಪಿಸಿದರೆ, ನ್ಯಾಯಾಧೀಶರ ಅನುಮತಿಯಿಲ್ಲದೆ ಮುಖ್ಯ ವಿಚಾರಣೆಯಲ್ಲಿ ಅದನ್ನು ಕೇಳುವಂತಿಲ್ಲ. ಆಕ್ಷೇಪಣೆಯನ್ನು ನ್ಯಾಯಾಧೀಶರು ಒಪ್ಪಿದರೆ ‘ನೀವು ಏನು ನೋಡಿದಿರಿ?’ ಎಂದು ಕೇಳಬೇಕು; ತಳ್ಳಿಹಾಕಿದರೆ ಸಾಕ್ಷಿ ಉತ್ತರಿಸಬೇಕು. ಎದುರು ಪಕ್ಷದ ವಕೀಲರು ನಡೆಸುವ ಪಾಟೀಸವಾಲಿನಲ್ಲಿ ಮಾತ್ರ ಇಂಥ ಪ್ರಶ್ನೆಗೆ ಅಡ್ಡಿಯಿಲ್ಲ.

1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಎದುರು ವಕೀಲರು ಸುಮ್ಮನೆ ಕೂತರೆ, ವಕೀಲರ ಮಾತೇ ಸಾಕ್ಷಿಯ ಹೇಳಿಕೆಯಾಗಿ ದಾಖಲಾಗಬಹುದು. ಆರೋಪಿ ಮನೆಗೋ ಜೈಲಿಗೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರಬಹುದು.